ಗರ್ಭಮದ್ಯವೈಕಲ್ಯವೂ ನ್ಯಾಯಾಸ್ಥಾನವೂ

ಗರ್ಭಿಣಿಯು ಸೇವಿಸಿದ ಮದ್ಯವು ಶಿಶುವಿಗೆ ಹಾನಿಕರವೆಂಬ ವಿಚಾರವು ಶಾಸ್ತ್ರೀಯ ಪರೀಕ್ಷೆಗೆ ಮೊದಲಾಗಿ ಒಳಗಾದ ಸ್ಥಳಗಳಲ್ಲಿ ಸೆರೆಮನೆಯೂ ಒಂದು. ಲಿವರ್‌ಪೂಲಿನ ಸೆರೆಮನೆಯ ವೈದ್ಯನಾದ ಸಲ್ಲಿವನ್ ಎಂಬಾತನು 1899ರಲ್ಲಿ ಮದ್ಯವ್ಯಸನಿಗಳಾದ 120 ಮಂದಿ ಸ್ತ್ರೀಯರ ಸಂತಾನವನ್ನು ಪರಿಶೀಲಿಸಿ, ಮದ್ಯವ್ಯಸನವಿಲ್ಲದ ಅವರ ಬಂಧುಸ್ತ್ರೀಯರ ಶಿಶುಗಳಿಗಿಂತ ಇವರ ಶಿಶುಗಳಲ್ಲಿ ಮರಣವು ಇಮ್ಮಡಿಗೂ ಮಿಗಿಲೆಂದು ಕಂಡನು. ಬದುಕಿ ಉಳಿದವರ ಗತಿಯೇನೆಂಬ ಪ್ರಶ್ನೆಯು ಮಾತ್ರ ಬಹುಕಾಲ ಮರೆಯಲ್ಲಿದ್ದಿತು. 1973ರಲ್ಲಿ ಅಮೆರಿಕದ ಸಿಯಾಟಲ್ ನಗರದ ಜೋನ್ಸ್ ಮತ್ತು ಸ್ಮಿತ್ ಎಂಬ ವೈದ್ಯರು ಈ ವೈಕಲ್ಯಕ್ಕೆ ಹೆಸರಿಟ್ಟರು.

ಮುಖಲಕ್ಷಣಗಳು ಎಲ್ಲರಲ್ಲಿಯೂ ತೋರುವುದಿಲ್ಲ. ಮಾತು ಸರಾಗವಾಗಿಯೇ ಇರಬಹುದು. ನೆನಪೂ, ಕಾರ್ಯಕಾರಣಗಳನ್ನು ಕೂಡಿಸಿ ನೋಡುವ ಶಕ್ತಿಯೂ ಕುಂದಿರುತ್ತವೆ. ನ್ಯಾಯಾಧಿಪತಿಯು ವಿಧಿಸಿದ ನಿಬಂಧನೆಗೆ ತಲೆಯಾಡಿಸಿದ ಹುಡುಗನು ಮರುದಿನವೇ ಅದನ್ನು ಮೀರಿದರೆ, ಅದು ಮರೆವೋ ಉದ್ಧಟತನವೋ ಎಂದು ತಿಳಿಯುವ ಬಗೆಯೇನು? ಮತ್ತನ, ಉನ್ಮತ್ತನ, ಶಿಶುವಿನ ಸಾಕ್ಷ್ಯವನ್ನು ಮನುಸ್ಮೃತಿಯು ವರ್ಜಿಸುತ್ತದೆ. ಇವನಾದರೋ ಹೊರನೋಟಕ್ಕೆ ಈ ಮೂವರಲ್ಲಿ ಯಾರೂ ಅಲ್ಲ.

ಹೆತ್ತವರಿಂದ ಅಗಲಿ ಸಾಕುಮನೆಗಳಲ್ಲಿ ಬೆಳೆಯುವ ಮಕ್ಕಳಲ್ಲಿ ಈ ವೈಕಲ್ಯವು ಹೆಚ್ಚು. ಮನೆಯಿಂದ ಮನೆಗೆ ಸಾಗುವಾಗ ತಾಯಿಯ ವೃತ್ತಾಂತವೇ ಕಳೆದುಹೋಗಿ ರೋಗನಿರ್ಣಯಕ್ಕೆ ಆಧಾರವು ತಪ್ಪುವುದುಂಟು. ಸಿಯಾಟಲಿನ ವಿದುಷಿ ಸ್ಟ್ರೈಸ್‌ಗುತ್ 1996ರಲ್ಲಿ ಪ್ರಕಟಿಸಿದ ವರದಿಯಂತೆ, 12 ವರ್ಷ ತುಂಬಿದ ಇಂಥವರಲ್ಲಿ ನೂರಕ್ಕೆ ಸುಮಾರು 60 ಮಂದಿ ಕಾನೂನಿನ ತೊಡಕಿಗೆ ಸಿಕ್ಕಿದ್ದರು. ಎಳವೆಯಲ್ಲಿಯೇ ರೋಗನಿರ್ಣಯವೂ ಸ್ಥಿರವಾದ ಮನೆಯೂ ದೊರೆತವರಿಗೆ ಈ ಗತಿಯು ವಿರಳ. ಆದುದರಿಂದ ಸಾಕುಮನೆಯನ್ನು ಪದೇ ಪದೇ ಬದಲಿಸುವ ಪದ್ಧತಿಯನ್ನು ಸಣ್ಣ ದೋಷವೆನ್ನಲಾಗದು.

ಈ ತಿಳಿವು ನ್ಯಾಯಾಸ್ಥಾನವನ್ನು ಮೆಲ್ಲನೆ ಮುಟ್ಟಿತು. ಕೆನಡದ ಬ್ರಿಟಿಷ್ ಕೊಲಂಬಿಯದಲ್ಲಿ ನ್ಯಾಯಾಸ್ಥಾನವು ಮನೋವೈದ್ಯಕೀಯ ಪರೀಕ್ಷೆಗೆ ಕಳುಹಿಸಿದ 287 ಮಂದಿ ತರುಣರಲ್ಲಿ 67 ಮಂದಿಗೆ ಈ ವರ್ಗದ ವೈಕಲ್ಯವಿದ್ದುದು 1999ರಲ್ಲಿ ಪ್ರಕಟವಾಯಿತು. 2004ರಲ್ಲಿ ಆ ದೇಶದ ವಿನಿಪೆಗ್ ನಗರದಲ್ಲಿ ಅಂಥ ತರುಣರನ್ನು ಪರೀಕ್ಷಿಸಿ, ವರದಿಯನ್ನು ನ್ಯಾಯಾಧಿಪತಿಗೆ ಒಪ್ಪಿಸುವ ಏರ್ಪಾಡು ಮೊದಲಾಯಿತು.

ಇಂಥ ಪರೀಕ್ಷೆಯು ಸಕಾಲದಲ್ಲಿ ನಡೆಯದಿದ್ದರೆ ಏನಾಗುವುದೆಂಬುದಕ್ಕೆ ನ್ಯೂಜಿಲೆಂಡಿನ ಟೈನಾ ಪೋರನ ವ್ಯವಹಾರವು ನಿದರ್ಶನ. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡು ಬಂಧುಗಳ ಆಶ್ರಯದಲ್ಲಿ ಬೆಳೆದ ಈತನು, 1993ರಲ್ಲಿ, ತನ್ನ 17ನೆಯ ವಯಸ್ಸಿನಲ್ಲಿ, ಪೋಲೀಸರು ದಿನಗಟ್ಟಲೆ ವಿಚಾರಿಸಿದಾಗ ಒಂದು ಕೊಲೆಯ ಸ್ಥಳದಲ್ಲಿದ್ದೆನೆಂದು ಒಪ್ಪಿಕೊಂಡನು. ಕೊಲೆ ನಡೆದ ಮನೆಯನ್ನು ತೋರಿಸಲು ಅವನಿಂದಾಗಲಿಲ್ಲ, ಪೋಲೀಸರೇ ತೋರಿಸಬೇಕಾಯಿತು. ಆದರೂ 1994ರಲ್ಲಿ ಅಪರಾಧಿಯೆಂದು ತೀರ್ಪಾಯಿತು. 2000ದ ಮರುವಿಚಾರಣೆಯಲ್ಲಿಯೂ ಹಾಗೆಯೇ ಆಯಿತು. ಗರ್ಭಮದ್ಯವೈಕಲ್ಯವುಳ್ಳ ಈತನ ಒಪ್ಪಿಗೆಯು ನಂಬಲರ್ಹವಲ್ಲವೆಂದು 2015ರ ಮಾರ್ಚಿ 3ರಂದು ಲಂಡನ್ನಿನ ಪ್ರಿವಿ ಕೌನ್ಸಿಲು ಆ ತೀರ್ಪನ್ನು ರದ್ದುಮಾಡಿತು. ಅದಕ್ಕೆ ಹಿಂದಿನ ವರ್ಷ ಪೆರೋಲಿನ ಮೇಲೆ ಹೊರಬರುವ ವೇಳೆಗೆ ಪೋರನು ಸೆರೆಯಲ್ಲಿ ಇಪ್ಪತ್ತು ವರ್ಷಗಳನ್ನು ಕಳೆದಿದ್ದನು.