ಸೆನ್ಸಾರ್ ಮುದ್ರೆಯ ಕಾರ್ಡುಗಳು: ಮಹಾಯುದ್ಧ ಕಾಲದ ಅಂಚೆ ಕಾವಲು

1914ರ ಸೆಪ್ಟೆಂಬರ್ ಕೊನೆಯಲ್ಲಿ ಭಾರತೀಯ ಸೇನೆಯ ಮೊದಲ ತುಕಡಿಗಳು ಫ್ರಾನ್ಸ್‌ನ ಮಾರ್ಸೇಲ್ ಬಂದರಿನಲ್ಲಿ ಇಳಿದವು. ಅವುಗಳ ಬೆನ್ನಿಗೇ ಸೈನಿಕರ ಪತ್ರಗಳನ್ನು ಓದುವ ಕಚೇರಿಯೊಂದು ಆರಂಭವಾಯಿತು. ಅಂದಿನ ಅಂಚೆ ಕಾರ್ಡುಗಳ ಮೇಲೆ ಅದರ ಗುರುತು ಇಂದಿಗೂ ಉಳಿದಿದೆ.

ಅಡ್ಡಗೀಟಿನ ಕಾರ್ಡು

ಯುದ್ಧಭೂಮಿಯಲ್ಲಿ ಹೆಚ್ಚು ಬಳಕೆಯಾದದ್ದು 'ಎ 2042' ಸಂಖ್ಯೆಯ ಅಚ್ಚು ಕಾರ್ಡು. ಕ್ಷೇಮವಾಗಿದ್ದೇನೆ, ಆಸ್ಪತ್ರೆಗೆ ಸೇರಿದ್ದೇನೆ, ನಿಮ್ಮ ಪತ್ರ ತಲುಪಿದೆ ಎಂಬಂಥ ಸಿದ್ಧ ವಾಕ್ಯಗಳು ಅದರಲ್ಲಿದ್ದವು. ಬೇಡವಾದ ಸಾಲುಗಳನ್ನು ಹೊಡೆದುಹಾಕಿ ಸಹಿ, ದಿನಾಂಕ ಹಾಕಬೇಕಿತ್ತು. ಬೇರೇನಾದರೂ ಬರೆದರೆ ಕಾರ್ಡನ್ನು ನಾಶಪಡಿಸಲಾಗುವುದು ಎಂಬ ಎಚ್ಚರಿಕೆಯೂ ಅದರ ಮೇಲಿತ್ತು. ಊರಿನ ಹೆಸರು ಬರೆಯುವಂತಿರಲಿಲ್ಲ. ಅಂಚೆ ಮೊಹರಿನಲ್ಲಿಯೂ ಫೀಲ್ಡ್ ಪೋಸ್ಟ್ ಆಫೀಸಿನ ಸಂಖ್ಯೆ ಮಾತ್ರ ಇರುತ್ತಿತ್ತು.

ಬುಲೋನ್ ಕಚೇರಿ

ಫ್ರಾನ್ಸ್‌ನ ಬುಲೋನ್ ಪಟ್ಟಣದಲ್ಲಿದ್ದ ಭಾರತೀಯ ಅಂಚೆ ಸೆನ್ಸಾರ್ ಕಚೇರಿಯ ಮುಖ್ಯಸ್ಥರಾಗಿದ್ದವರು ಇ.ಬಿ. ಹೋವೆಲ್. ಗದರ್ ಪಕ್ಷದಂಥ ಕ್ರಾಂತಿಕಾರಿ ಗುಂಪುಗಳ ಸಾಹಿತ್ಯ ಸೈನಿಕರ ಕೈಸೇರದಂತೆ ತಡೆಯುವುದು ಆರಂಭದ ಉದ್ದೇಶವಾಗಿತ್ತು. ಬಳಿಕ ಸೈನಿಕರ ಮನೋಸ್ಥಿತಿಯನ್ನು ಅಳೆಯುವುದೇ ಮುಖ್ಯ ಕೆಲಸವಾಯಿತು. 1915ರ ಮಾರ್ಚ್ ವೇಳೆಗೆ ಫ್ರಾನ್ಸ್‌ನಲ್ಲಿದ್ದ ಭಾರತೀಯ ಸೈನಿಕರು ವಾರಕ್ಕೆ 10ರಿಂದ 20 ಸಾವಿರ ಪತ್ರಗಳನ್ನು ಬರೆಯುತ್ತಿದ್ದರು. ಎಲ್ಲವನ್ನೂ ಓದುವುದು ಅಸಾಧ್ಯವಾದ್ದರಿಂದ ಕೆಲವನ್ನು ಆಯ್ದು, ಇಂಗ್ಲಿಷಿಗೆ ಅನುವಾದಿಸಿ, ವರದಿಯೊಂದಿಗೆ ಮೇಲಧಿಕಾರಿಗಳಿಗೆ ಕಳುಹಿಸಲಾಗುತ್ತಿತ್ತು.

ಸೈನಿಕರಿಗೂ ಈ ಕಾವಲಿನ ಅರಿವಿತ್ತು. ಅವರು ಸಂಕೇತಗಳ ಮೊರೆಹೋದರು. ಕರಿಮೆಣಸು ಖರ್ಚಾಗುತ್ತಿದೆ, ಕೆಂಪುಮೆಣಸಿನ ಬಳಕೆ ಕಡಿಮೆ ಎಂದು ಬರೆದರೆ ಭಾರತೀಯರು ಹೆಚ್ಚು ಸಾಯುತ್ತಿದ್ದಾರೆ, ಬಿಳಿಯರನ್ನು ಅಷ್ಟಾಗಿ ಮುಂದೆ ಬಿಡುತ್ತಿಲ್ಲ ಎಂದರ್ಥ. ಈ ಗುಟ್ಟು ಸೆನ್ಸಾರ್ ಕಚೇರಿಗೆ ತಿಳಿಯದೆ ಇರಲಿಲ್ಲ. ಪತ್ರಗಳಲ್ಲಿ ಕವಿತೆ ಹೆಚ್ಚುತ್ತಿರುವುದು ಮನಸ್ಸು ಕದಡಿರುವ ಲಕ್ಷಣವೆಂದು ಹೋವೆಲ್ ವರದಿ ಮಾಡಿದ್ದರು.

ಚಿತ್ರದ ಮುಖ, ಪತ್ರದ ಮುಖ

ಗಾಯಾಳುಗಳಿಗಾಗಿ ಇಂಗ್ಲೆಂಡಿನ ಬ್ರೈಟನ್ ನಗರದ ರಾಯಲ್ ಪೆವಿಲಿಯನ್ ಅರಮನೆಯನ್ನು 1914ರ ಡಿಸೆಂಬರ್‌ನಲ್ಲಿ ಆಸ್ಪತ್ರೆಯಾಗಿ ಪರಿವರ್ತಿಸಲಾಯಿತು. ಅಲಂಕೃತ ಗುಮ್ಮಟದ ಕೆಳಗೆ ಸಾಲು ಹಾಸಿಗೆಗಳಲ್ಲಿ ಮಲಗಿದ ಸೈನಿಕರ ಚಿತ್ರಗಳು ಅಂಚೆ ಕಾರ್ಡುಗಳಾಗಿ ಪ್ರಚಾರ ಪಡೆದವು. ನೋವು, ಭಯ, ಮನೆಯ ಹಂಬಲ ಕಾಣುವುದು ಸೆನ್ಸಾರ್ ವರದಿಗಳಲ್ಲಿ.

ಕರ್ನಾಟಕದ ನಂಟು

ಮೈಸೂರು ಸಂಸ್ಥಾನದ ಅಶ್ವದಳ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್‌ಗಳಲ್ಲಿ ಹೋರಾಡಿ, 1918ರ ಸೆಪ್ಟೆಂಬರ್ 23ರಂದು ಹೈಫಾ ನಗರ ವಶಪಡಿಸಿಕೊಳ್ಳುವಲ್ಲಿ ಪಾಲ್ಗೊಂಡಿತು. ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಶಿಬಿರಗಳಲ್ಲಿದ್ದ ಇಟಲಿಯ ಯುದ್ಧಕೈದಿಗಳ ಪತ್ರಗಳೂ ಸೆನ್ಸಾರ್ ದಾಟಿಯೇ ಊರು ಸೇರಬೇಕಿತ್ತು.

ಕಾನೂನಿನ ನೆರಳು

ತುರ್ತು ಸಂದರ್ಭದಲ್ಲಿ ಅಂಚೆಯನ್ನು ತಡೆಹಿಡಿಯುವ ಅಧಿಕಾರವನ್ನು 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯ 26ನೇ ಕಲಮು ಸರ್ಕಾರಕ್ಕೆ ನೀಡಿತ್ತು. ಸ್ವಾತಂತ್ರ್ಯಾನಂತರವೂ ಉಳಿದ ಆ ಕಾಯ್ದೆಯ ಸ್ಥಾನಕ್ಕೆ 2023ರ ಅಂಚೆ ಕಚೇರಿ ಕಾಯ್ದೆ ಬಂದಿದೆ. ತಡೆಹಿಡಿಯುವ ಅಧಿಕಾರ ಅದರಲ್ಲಿಯೂ ಇದೆ.

ಸೈನಿಕರ ಮೂಲ ಪತ್ರಗಳಲ್ಲಿ ಬಹುಪಾಲು ಕಳೆದುಹೋಗಿವೆ. ಸೆನ್ಸಾರ್ ಕಚೇರಿ ಆಯ್ದು ಅನುವಾದಿಸಿದ ಭಾಗಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಕ್ಷರ ಬಾರದೆ ಬೇರೆಯವರಿಂದ ಬರೆಸಿದ ಸಿಪಾಯಿಯ ಮಾತು ಇಂದಿಗೆ ಉಳಿದಿರುವುದು, ಅದನ್ನು ಕದ್ದು ಓದಿದ ಸರ್ಕಾರದ ಕಡತದಲ್ಲಿ.