ಎಡತೊರೆಯಿಂದ ಕೃಷ್ಣರಾಜನಗರಕ್ಕೆ: ಹೊಳೆ ಏರುವ ಮುನ್ನ



ಹೊಸ ಅಗ್ರಹಾರದಿಂದಲೋ ಸುತ್ತಲಿನ ಹಳ್ಳಿಗಳಿಂದಲೋ ಸಂತೆಗೆ, ಆಸ್ಪತ್ರೆಗೆ ಕೃಷ್ಣರಾಜನಗರಕ್ಕೆ ಬಂದುಹೋಗುವ ತಮಗೆ ಒಂದು ಸಂಗತಿ ಕಣ್ಣಿಗೆ ಬಿದ್ದಿರಬಹುದು. ಆ ಊರಿನ ಬೀದಿಗಳು ಅಗಲ, ನೇರ. ನಮ್ಮ ಸೀಮೆಯ ಹಳೆಯ ಊರುಗಳಂತೆ ಓಣಿಗೊಂದು ಓಣಿ ಸೇರಿ ತಾನಾಗಿ ಬೆಳೆದ ಊರಲ್ಲ ಅದು. ನಕ್ಷೆ ಬರೆದು ಕಟ್ಟಿದ್ದು. ಕಟ್ಟಬೇಕಾಗಿ ಬಂದದ್ದು ಕಾವೇರಿಯಿಂದ.

ಅದಕ್ಕೆ ಮೊದಲು ತಾಲೂಕಿನ ಕಸಬೆ ಎಡತೊರೆ. ಹೊಳೆ ಎಡಕ್ಕೆ ತಿರುಗುವ ಜಾಗವಾದ್ದರಿಂದ ಆ ಹೆಸರು ಎನ್ನುತ್ತಾರೆ. ಅರ್ಕೇಶ್ವರ ದೇವಸ್ಥಾನ, ಸ್ನಾನಘಟ್ಟ, ದಡಕ್ಕೆ ಅಂಟಿಕೊಂಡ ಮನೆಗಳು. ಹೊಳೆಯ ಪಕ್ಕದಲ್ಲಿರುವುದೇ ಆ ಊರಿನ ಭಾಗ್ಯ, ಅದೇ ಅದರ ಸಂಕಟ. 1924ರ ಜುಲೈ ತಿಂಗಳಲ್ಲಿ, ಪುನರ್ವಸು ಮಳೆಯ ದಿನಗಳಲ್ಲಿ, ಮಲಬಾರು, ವಯನಾಡು, ಕೊಡಗುಗಳ ಮೇಲೆ ಹಿಂದೆಂದೂ ಕಾಣದಂಥ ಮಳೆ ಸುರಿಯಿತು. ಕೇರಳದವರು ಕೊಲ್ಲವರ್ಷ 1099ರಲ್ಲಿ ನಡೆದುದರಿಂದ ಅದನ್ನು ಇಂದಿಗೂ 'ತೊಂಬತ್ತೊಂಬತ್ತರ ಪ್ರವಾಹ' ಎಂದೇ ಕರೆಯುತ್ತಾರೆ. ಘಟ್ಟದ ಈಚೆಗೆ ಬಿದ್ದ ನೀರೆಲ್ಲ ಕಾವೇರಿ, ಕಪಿಲೆಗಳಲ್ಲಿ ಇಳಿಯಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ ಆಗಿನ್ನೂ ಮುಗಿದಿರಲಿಲ್ಲ. ಮುಗಿದಿದ್ದರೂ ಎಡತೊರೆ ಇರುವುದು ಕಟ್ಟೆಗಿಂತ ಮೇಲುಭಾಗದಲ್ಲಿ.

ಹಿಂದೆಯೂ ನೆರೆ ಕಂಡಿದ್ದ ಎಡತೊರೆಗೆ ಈ ಬಾರಿಯ ಪೆಟ್ಟು ದೊಡ್ಡದು. ಗೋಡೆ ಬಿದ್ದದ್ದಷ್ಟೇ ನಷ್ಟವೆಂದು ಭಾವಿಸಬೇಡಿ. ಆ ಕಾಲದಲ್ಲಿ ಈ ಸೀಮೆಯ ಒಕ್ಕಲು ಮನೆಗಳು ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ ತುಂಬಿಡುತ್ತಿದ್ದವು. ಒಣನೆಲದಲ್ಲಿ ರಾಗಿ ವರ್ಷಗಟ್ಟಲೆ ಕೆಡದು. ನೀರು ನುಗ್ಗಿತೆಂದರೆ ಮಾತ್ರ ಒಂದೇ ರಾತ್ರಿಯಲ್ಲಿ ವರ್ಷದ ಅನ್ನ ಹೋಯಿತು. ಹಸಿ ಇಟ್ಟಿಗೆಯ, ಮಣ್ಣಿನ ಗೋಡೆಗಳಾದರೋ ನೀರಿರುವಾಗಲೇ ಬೀಳಬೇಕೆಂದಿಲ್ಲ. ನೀರಿಳಿದ ಎರಡು ಮೂರು ದಿನಗಳ ಮೇಲೆ, ಮನೆಯವರು ಹಿಂದಿರುಗಿ ಒಲೆ ಹೊತ್ತಿಸಿದಾಗ ಕುಸಿಯುವುದುಂಟು. ಇದನ್ನು ತಾವು ಇಂದಿಗೂ ನೆನಪಿಡಬೇಕು.

ಅನಂತರದ ವರ್ಷಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಹೊಳೆಯಿಂದ ದೂರ ಸರಿದ ಎತ್ತರದ ನೆಲದಲ್ಲಿ ಹೊಸ ಊರನ್ನು ಕಟ್ಟಿಸಿತು. ಊರಿಗೆ ದೊರೆಯ ಹೆಸರೇ ಬಂತು. ದೇವಸ್ಥಾನ ತನ್ನ ಸ್ಥಳದಲ್ಲೇ ಉಳಿಯಿತು, ಬದುಕು ಸ್ಥಳ ಬದಲಿಸಿತು. ಪರಿಹಾರದ ಹಣ ಹಂಚಿ ಅದೇ ತಗ್ಗಿನಲ್ಲಿ ಅದೇ ಗೋಡೆಯನ್ನು ಎಬ್ಬಿಸುವುದಕ್ಕಿಂತ ಅದು ಎಷ್ಟೋ ದೊಡ್ಡ ವಿವೇಕವೆಂದು ನನ್ನ ಎಣಿಕೆ. ಆದರೆ ಎಲ್ಲ ಊರುಗಳಿಗೂ ಅಂಥ ಅವಕಾಶ ದೊರೆಯದು.

ಹುಣಸೂರನ್ನೇ ನೋಡಿ. ಕೊಡಗಿನ ಇರ್ಪುವಿನ ಕಡೆಯಿಂದ ಇಳಿದು ಹನಗೋಡಿನ ಅಣೆಕಟ್ಟೆ ದಾಟಿ ಬರುವ ಲಕ್ಷ್ಮಣತೀರ್ಥ ಪಟ್ಟಣವನ್ನು ಹಾದೇ ಹೋಗುತ್ತದೆ. ಬೇಸಿಗೆಯಲ್ಲಿ ಹೊಳೆಯೆಂದು ಕರೆಯಲೂ ಮನಸ್ಸು ಬಾರದಷ್ಟು ಸಣ್ಣದು. 2019ರ ಆಗಸ್ಟ್‌ನಲ್ಲಿ, ಆಶ್ಲೇಷ ಮಳೆಗೆ, ಅದೇ ತೊರೆ ಮನೆಗಳೊಳಗೆ ನುಗ್ಗಿತು. ಹೆಗ್ಗಡದೇವನಕೋಟೆಯ ಬೀಚನಹಳ್ಳಿಯಲ್ಲಿ 1974ರಲ್ಲಿ ಮುಗಿದ ಕಬಿನಿ ಜಲಾಶಯ 19.52 ಟಿ.ಎಂ.ಸಿ. ಹಿಡಿಯುತ್ತದೆ. ವಯನಾಡಿನ ಮಳೆಗೆ ಅದು ಬೇಗನೆ ತುಂಬಿಬಿಡುತ್ತದೆ. ತುಂಬಿದ ಮೇಲೆ ಬಂದಷ್ಟನ್ನೂ ಕೆಳಗೆ ಬಿಡದೆ ಗತ್ಯಂತರವಿಲ್ಲ. ಅದೇ 2019ರಲ್ಲಿ ಲಕ್ಷ ಕ್ಯುಸೆಕ್ ಮೀರಿ ನೀರು ಬಿಟ್ಟಾಗ ಮೈಸೂರು–ನಂಜನಗೂಡು ಹೆದ್ದಾರಿಯ ಸಂಚಾರ ನಿಂತಿತು. ತಮ್ಮ ಅಂಗಳದಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು. ಆಕಾಶವನ್ನಲ್ಲ, ಮಾನಂದವಾಡಿಯ, ಭಾಗಮಂಡಲದ ಮಳೆಯ ಸುದ್ದಿಯನ್ನು ಗಮನಿಸಬೇಕು.

ಮುನ್ನೆಚ್ಚರಿಕೆಯಿಂದ ಏನಾದೀತು ಎನ್ನುವವರಿದ್ದಾರೆ. ಒರಿಸ್ಸಾದ 1999ರ ಮಹಾಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಮಡಿದರು. 2013ರಲ್ಲಿ ಫೈಲಿನ್ ಚಂಡಮಾರುತ ಅದೇ ಕರಾವಳಿಗೆ ಅಪ್ಪಳಿಸುವ ಮುನ್ನ ಲಕ್ಷಾಂತರ ಜನರನ್ನು ಗಟ್ಟಿ ಕಟ್ಟಡಗಳಿಗೆ ಸಾಗಿಸಿದ್ದರಿಂದ ಸತ್ತವರು ಕೆಲವೇ ಹತ್ತುಗಳಷ್ಟು. ಗಾಳಿಯೇನೂ ಮೃದುವಾಗಿರಲಿಲ್ಲ.

ನಮ್ಮ ಧರ್ಮಕೇಂದ್ರಗಳಿಗೆ ಇದಕ್ಕೊಂದು ಸಹಜವಾದ ದಿನವೂ ಇದೆ. ಕೃಷ್ಣರಾಜನಗರ ತಾಲೂಕಿನ ದೋರನಹಳ್ಳಿಯಲ್ಲಿ, 2019ರಲ್ಲಿ ಬಸಿಲಿಕ ಪದವಿಗೇರಿದ ಆ ಪುಣ್ಯಕ್ಷೇತ್ರದಲ್ಲಿ, ಸಂತ ಅಂತೋಣಿಯವರ ಹಬ್ಬ ಜೂನ್ 13ರಂದು. ಮುಂಗಾರು ಕಾಲಿಡುವ ಹೊತ್ತು ಅದೇ. ಹಬ್ಬ ಮುಗಿಸಿ ಮನೆಗೆ ಬಂದ ವಾರದಲ್ಲಿ ಹೆಂಚು ಸರಿಪಡಿಸಿ, ಚರಂಡಿ ಬಿಡಿಸಿ, ಪಹಣಿ, ಪಡಿತರ ಚೀಟಿ, ಜ್ಞಾನಸ್ನಾನದ ಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟಕ್ಕೇರಿಸಿ. ದನಕರುಗಳನ್ನು ಹೊಡೆದೊಯ್ಯುವ ದಿಬ್ಬ ಯಾವುದೆಂದು ಮೊದಲೇ ಗೊತ್ತುಮಾಡಿ. ನೆರೆಯಲ್ಲಿ ಕೊರಳಹಗ್ಗ ಬಿಚ್ಚಲು ಸಮಯವಿರದು. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಿ.

ದೇವಾಲಯದ ಪಾಲಿನ ಕೆಲಸ ಬೇರೆ. ಒಂಟಿಯಾಗಿರುವ ವೃದ್ಧರು, ತುಂಬು ಗರ್ಭಿಣಿಯರು, ನಡೆಯಲಾರದವರು ಯಾವ ಯಾವ ಮನೆಯಲ್ಲಿದ್ದಾರೆ, ಯಾರನ್ನು ಯಾರು ಕರೆತರಬೇಕು ಎಂಬ ಪಟ್ಟಿಯನ್ನು ಜಾತಿಮತ ನೋಡದೆ ಇಡೀ ಬೀದಿಗೆ ಸಿದ್ಧಪಡಿಸಬೇಕು. ಸಭಾಂಗಣದ ಬೀಗದ ಕೈ ರಾತ್ರಿ ಹೊತ್ತು ಯಾರ ಬಳಿ ಇರುತ್ತದೆಂದು ಎಲ್ಲರಿಗೂ ತಿಳಿದಿರಬೇಕು. ಹಾಗೆಯೇ ಗುರುಗಳ ಕೋಣೆಯ ಬೀರುವಿನ ತಳದ ಅರೆಯಲ್ಲಿ ಹಳೆಯ ದಾಖಲೆ ಪುಸ್ತಕಗಳಿದ್ದರೆ, ಈ ಭಾನುವಾರವೇ ನಾಲ್ಕು ಜನ ಯುವಕರು ಸೇರಿ ಅವನ್ನು ಮೇಲಿನ ಅರೆಗೆ ಏರಿಸಲಿ.