ಅಪ್ಪ ಕೊಟ್ಟ ಬಿಲ್ಲು: ನಮ್ಮ ಸೀಮೆಯ ಮಕ್ಕಳು ಬೇಟೆ ಕಲಿತ ಬಗೆ

(1/5)
ಗೂಳೂರು ಅಂದ ಕೂಡ್ಲೆ ಎಲ್ಲರಿಗೂ ನೆನಪಾಗೋದು ಮಣ್ಣಿನ ಮಹಾಗಣಪತಿ. ಊರಿನ ಹಬ್ಬ ಅಂದ್ರೆ ಅದೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇವತ್ತಿನ ಕಂತು ಜನ ಸ್ವಲ್ಪ ದನಿ ತಗ್ಗಿಸಿ ಮಾತಾಡೋ ಇನ್ನೊಂದು ದಿನದ ಬಗ್ಗೆ: ಯುಗಾದಿಯ ಮಾರನೇ ದಿನ, ವರ್ಷತೊಡಕು. ಬೆಂಗಳೂರಿನ ಕಡೆ ಹೊಸತೊಡಕು ಅಂತಾರೆ. ಈಗ ಅದು ಬೆಳಗಿನ ಜಾವಕ್ಕೇ ಮಟನ್ ಅಂಗಡಿ ಮುಂದೆ ಕ್ಯೂ ನಿಲ್ಲೋ ದಿನ. ನಮ್ಮ ತಾತನ ಕಾಲದಲ್ಲಿ ಅದು ಬೇಟೆ ದಿನ.

ತುಮಕೂರು, ಗುಬ್ಬಿ, ಕುಣಿಗಲ್ ಅಂತಲ್ಲ, ಹಳೇ ಮೈಸೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಯುಗಾದಿ ಬೇಟೆ ಇತ್ತು. ಹೊಲದಲ್ಲಿ ಬೆಳೆ ಇರಲ್ಲ, ಕೆರೆ ಒಣಗಿರುತ್ತೆ, ಮಳೆ ಬಂದಿರಲ್ಲ, ಕೈಗೆ ಕೆಲಸ ಇಲ್ಲ. ಗಂಡಸರೆಲ್ಲ ನಾಯಿ, ದೊಣ್ಣೆ, ಬಲೆ ಹಿಡ್ಕೊಂಡು ಕುರುಚಲು ಕಾಡಿಗೆ ಹೊರಡ್ತಿದ್ರು. ಸಿಗ್ತಿದ್ದದ್ದು ಹೆಚ್ಚಾಗಿ ಮೊಲ. ಹುಡುಗರನ್ನೂ ಕರ್ಕೊಂಡು ಹೋಗ್ತಿದ್ರು. ಆದ್ರೆ ಹುಡುಗನ ಕೈಗೆ ಮೊದಲ ವರ್ಷವೇ ಆಯುಧ ಸಿಗ್ತಿರಲಿಲ್ಲ. ಅವನ ಕೆಲಸ ಪೊದೆ ಬಡಿಯೋದು, ಕೂಗು ಹಾಕೋದು, ನೀರು ಹೊರೋದು, ನಾಯಿ ಹಿಡ್ಕೊಳ್ಳೋದು. ಬಲೆ ಹತ್ರ ಕೂತಾಗ ಕೆಮ್ಮಿದ್ರೆ ತಲೆಗೊಂದು ಮೊಟಕು. ಕೊನೆಗೆ ಪಾಲು ಹಾಕುವಾಗ ಹುಡುಗನಿಗೂ ಪಾಲು, ನಾಯಿಗೂ ಪಾಲು. ಬೇಟೆಯ ಪಾಠ ಶುರುವಾಗ್ತಿದ್ದದ್ದು ಕಾಯೋದ್ರಿಂದ, ಹಂಚ್ಕೊಳ್ಳೋದ್ರಿಂದ. ಹೊಡೆಯೋದು ಕಡೇ ಪಾಠ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

(2/5)
ಇದೆಲ್ಲ ಎಷ್ಟು ಹಳೇದು? ಕೆರೆ ಏರಿ ಮೇಲೆ, ಊರ ಬಾಗಿಲಲ್ಲಿ ನಿಂತಿರೋ ವೀರಗಲ್ಲುಗಳನ್ನ ಹತ್ತಿರದಿಂದ ನೋಡಿ. ಎಲ್ಲವೂ ಯುದ್ಧದ ಕಲ್ಲಲ್ಲ. ಕೆಲವದರಲ್ಲಿ ಎದುರಿಗಿರೋದು ಹಂದಿ, ಇಲ್ಲಾ ಹುಲಿ.

ಇವುಗಳಲ್ಲೆಲ್ಲ ನನಗೆ ಇಷ್ಟವಾದದ್ದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರು ಶಾಸನ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಪಡೆ ಚೋಳರನ್ನ ಸೋಲಿಸಿತು. ಗಂಗ ಬೂತುಗನ ಕಡೆಯ ಮಣಲೇರ ಅನ್ನೋ ವೀರ ಅಲ್ಲಿ ಚೆನ್ನಾಗಿ ಕಾದಾಡಿದ. ಏನು ಬೇಕು ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನೋ ಬೇಟೆನಾಯಿಯನ್ನ ಕೇಳಿದ. ಆಮೇಲೆ ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದ್ರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡ್ತಿರೋ ಚಿತ್ರ ಇದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳನ್ನ ಕರ್ಕೊಂಡು ಹೋದ್ರೆ ಇದೊಂದನ್ನ ತಪ್ಪಿಸಬೇಡಿ. ಸಾವಿರ ವರ್ಷದ ಹಿಂದಿನ ಯುದ್ಧದ ವಿವರ ನಮಗೆ ತಲುಪಿರೋದು ಒಂದು ನಾಯಿಯ ದೆಸೆಯಿಂದ!

ಇದಾಗಿ ಇನ್ನೂರು ವರ್ಷದೊಳಗೆ ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಬೇಟೆಯನ್ನ ರಾಜನ ವಿನೋದಗಳ ಸಾಲಿಗೆ ಸೇರಿಸಿ ವಿವರವಾಗಿ ಬರೆದ. ಆದ್ರೆ ಅದು ಅರಮನೆಯ ಬೇಟೆ. ಹಳ್ಳಿಯ ಅಪ್ಪ ಮಗನಿಗೆ ಕಲಿಸಿದ್ದು ಯಾವ ಪುಸ್ತಕದಲ್ಲೂ ಇಲ್ಲ.

(3/5)
ಈ ಕಲಿಕೆಯನ್ನ ಶಾಸ್ತ್ರವಾಗಿಯೇ ಉಳಿಸಿಕೊಂಡವರು ಕೊಡವರು. ಅದಕ್ಕೇ ಈ ಕಂತಲ್ಲಿ ತುಮಕೂರು ಬಿಟ್ಟು ಮಡಿಕೇರಿ ಘಟ್ಟ ಹತ್ತೋಣ.

ಕೊಡವರ ಮನೇಲಿ ಗಂಡುಮಗು ಹುಟ್ಟಿದ್ರೆ ಅಂಗಳದಲ್ಲಿ ಒಂದು ಈಡು ಹಾರಿಸೋದು ಸಂಪ್ರದಾಯ. ಹರಳುಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲು ಬಾಣ ಮಾಡಿ ಕೂಸಿನ ಕೈಗೆ ಮುಟ್ಟಿಸ್ತಾರೆ. 1870ರಲ್ಲಿ ಕೊಡಗಿನ ಬಗ್ಗೆ ಗ್ರಂಥ ಬರೆದ ರಿಕ್ಟರ್ ಕೂಡ ಇದನ್ನ ದಾಖಲಿಸಿದ್ದಾನೆ. ಕಣ್ಣು ಸರಿಯಾಗಿ ಬಿಡದ ಮಗುವಿಗೆ ಬಿಲ್ಲು! ಹರಳುಕಡ್ಡಿ ಒಳಗೆ ಟೊಳ್ಳು, ಒಂದು ಗುಬ್ಬಿಯನ್ನೂ ಹೊಡೆಯಕ್ಕಾಗಲ್ಲ. ನನ್ನ ಲೆಕ್ಕದಲ್ಲಿ ಅದು ಆಯುಧ ಕೊಡೋದಲ್ಲ, ಜವಾಬ್ದಾರಿ ಹೊರಿಸೋದು. ಮನೇಲಿ ಸಾವಾದಾಗ ಎರಡು ಈಡು. ಹೀಗೆ ಹುಟ್ಟಿಗೂ ಸಾವಿಗೂ ಊರಿಗೆ ಸುದ್ದಿ ಹೇಳೋದು ಕೋವಿ.

ಸೆಪ್ಟೆಂಬರ್ ಮೊದಲಿಗೆ ನಾಟಿ ಕೆಲಸ ಮುಗಿದ ಮೇಲೆ ಕೈಲ್‌ಪೊಳ್ದ್ ಬರುತ್ತೆ. ಕೋವಿ, ಕತ್ತಿಗಳನ್ನೆಲ್ಲ ಒಟ್ಟಿಗೆ ಇಟ್ಟು, ತೋಕ್‌ಪೂವಿನಿಂದ ಸಿಂಗರಿಸಿ ಪೂಜೆ ಮಾಡ್ತಾರೆ. 'ತೋಕ್' ಅಂದ್ರೆ ಕೋವಿ, 'ಪೂ' ಅಂದ್ರೆ ಹೂವು. ಆಮೇಲೆ ಮರದ ಮೇಲೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯೋ ಸ್ಪರ್ಧೆ. ಹುಡುಗರು ಗುರಿ ಕಲಿಯೋದು ಹಿರಿಯರ ಕಣ್ಣೆದುರು, ಇಡೀ ಊರಿನ ಮುಂದೆ. ಕಳ್ಳತನದ ಕಲಿಕೆ ಅಲ್ಲ ಅದು. ಹುಲಿ ಹೊಡೆದವನನ್ನ ಹಿಂದೆ ಮದುಮಗನಂತೆ ಕೂರಿಸಿ 'ನರಿ ಮಂಗಲ' ಮಾಡ್ತಿದ್ರು. (ಕೊಡವ ತಕ್ಕ್‌ನಲ್ಲಿ 'ನರಿ' ಅಂದ್ರೆ ಹುಲಿ. ಕನ್ನಡದ ನರಿ ಅಂದ್ಕೊಂಡು ನಗಬೇಡಿ.)

1861ರಲ್ಲಿ ಬ್ರಿಟಿಷರು ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ರು. ಸ್ವಾತಂತ್ರ್ಯದ ನಂತರವೂ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನ ಎತ್ತಿಹಿಡಿಯಿತು. ಒಂದು ಮಾತು ಗಮನಿಸಿ: ವಿನಾಯಿತಿ ಇರೋದು ಕೋವಿ ಇಟ್ಟುಕೊಳ್ಳೋದಕ್ಕೆ, ಬೇಟೆಗಲ್ಲ. ಇವೆರಡನ್ನ ಒಂದೇ ಅಂದ್ಕೊಂಡವರು ಬಹಳ ಜನ.

(4/5)
ಬೇಟೆಗೆ ಕಾನೂನಿನ ಕಣ್ಣು ಬಿದ್ದದ್ದು 1972ರಲ್ಲೇ ಮೊದಲಲ್ಲ. ಮೈಸೂರು ಸಂಸ್ಥಾನದಲ್ಲಿ 1901ರಲ್ಲೇ ಬೇಟೆ ಮತ್ತು ಮೀನುಗಳ ಸಂರಕ್ಷಣೆಗೆ ಕಾಯ್ದೆ ಬಂದಿತ್ತು. ಆದ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಕಾಲವನ್ನೇ ಮುಗಿಸಿತು. ಹುಲಿ, ಚಿರತೆ ಮಾತ್ರ ಅಲ್ಲ. ಮೊಲ, ಕಾಡುಹಂದಿ, ಗೌಜಲಕ್ಕಿಯೂ ಕಾಯ್ದೆಯ ಪಟ್ಟಿಯಲ್ಲಿವೆ.

ಕನ್ನಡ ಸಾಹಿತ್ಯದ ಒಂದೇ ಮನೇಲಿ ಈ ಬದಲಾವಣೆ ಕಾಣುತ್ತೆ. ಕುವೆಂಪು 'ಮಲೆನಾಡಿನ ಚಿತ್ರಗಳು' ಪುಸ್ತಕದಲ್ಲಿ ತಮ್ಮ ಸೀಮೆಯ ಬೇಟೆಯನ್ನ ಮುಚ್ಚುಮರೆ ಇಲ್ಲದೆ, ಸಂಭ್ರಮದಿಂದ ಬರೆದ್ರು. ಮಗ ತೇಜಸ್ವಿ ಮೂಡಿಗೆರೆ ಕಡೆ ತೋಟ ಮಾಡ್ಕೊಂಡು ಕೋವಿ ಹಿಡಿದು ಕಾಡು ಸುತ್ತಿದ್ರು, ಮೀನು ಹಿಡಿದ್ರು. ಬರಬರುತ್ತಾ ಕೋವಿ ಹೋಗಿ ಕ್ಯಾಮೆರಾ ಬಂತು. ಹಕ್ಕಿ ಫೋಟೋ ತೆಗೆಯೋರಿಗೆ ಗೊತ್ತಿರುತ್ತೆ, ಅದರಲ್ಲಿ ಮುಕ್ಕಾಲು ಪಾಲು ಕೆಲಸ ಶಿಕಾರಿಯವನದ್ದೇ: ಹೆಜ್ಜೆ ನೋಡು, ಗಾಳಿ ನೋಡು, ಬಾಯಿ ಮುಚ್ಕೊಂಡು ಕೂತಿರು. ತೇಜಸ್ವಿಯವರೇ ಕೆನೆತ್ ಆಂಡರ್ಸನ್ ಬರೆದ ಶಿಕಾರಿ ಕತೆಗಳನ್ನ ಕನ್ನಡಕ್ಕೆ ತಂದ್ರು. ಆಂಡರ್ಸನ್ ಮಗ ಡೊನಾಲ್ಡ್ ಕೂಡ ಅಪ್ಪನ ಹಾಗೇ ಶಿಕಾರಿ. 'ಮುನಿಶಾಮಿ ಮತ್ತು ಮಾಗಡಿ ಚಿರತೆ' ಓದಿದ ನಮ್ಮ ಕಡೆ ಹುಡುಗರಿಗೆ ಒಂಥರಾ ಹೆಮ್ಮೆ, ಯಾಕಂದ್ರೆ ಮಾಗಡಿ ಕುಣಿಗಲ್‌ಗೆ ಪಕ್ಕದ ತಾಲ್ಲೂಕು. ಕಾಯ್ದೆ ಬಂದ ಮೇಲೆ ಹುಟ್ಟಿದ ನಮ್ಮಂಥವರು ಬೇಟೆ ಕಲಿತದ್ದು ಹೀಗೆ ಲೈಬ್ರರಿಯಲ್ಲಿ.

(5/5)
ಈಗ ಕಷ್ಟದ ಭಾಗ. ಯುಗಾದಿ ಹತ್ತಿರ ಬಂದಾಗ ಇವತ್ತಿಗೂ ಕೆಲವರು ಕೇಳ್ತಾರೆ: "ಅಣ್ಣಾ, ನಮ್ಮಪ್ಪ ನನ್ನ ಕರ್ಕೊಂಡು ಹೋಗಿದ್ರು, ನಾನು ನನ್ನ ಮಗನ್ನ ಒಂದ್ಸಲ ಕರ್ಕೊಂಡು ಹೋದ್ರೆ ಏನ್ ತಪ್ಪು?" ಕಾನೂನಿನ ಉತ್ತರ ಸುಲಭ: ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಆದ್ರೆ ನನ್ನ ಉತ್ತರ ಬೇರೆ. ನಿಮ್ಮಪ್ಪ ಕರ್ಕೊಂಡು ಹೋಗಿದ್ದ ಬೇಟೆ ಈಗ ಇಲ್ಲ. ಹಗಲಲ್ಲಿ ಊರಿಗೆ ಊರೇ ಹೊರಟು, ಪಾಲು ಹಾಕಿ ತಿಂದ ಬೇಟೆ ಅದು. ಈಗ ಉಳಿದಿರೋದು ರಾತ್ರಿ ಟಾರ್ಚು, ತಂತಿ ಉರುಳು, ಹಣ್ಣಿನೊಳಗೆ ಇಟ್ಟ ಸಿಡಿಮದ್ದು. ಉರುಳಿಗೆ ಕಣ್ಣಿಲ್ಲ. ಹಂದಿಗೆ ಹಾಕಿದ್ದಕ್ಕೆ ಚಿರತೆ ಬೀಳುತ್ತೆ, ಕರಡಿ ಬೀಳುತ್ತೆ, ಸಿಡಿಮದ್ದನ್ನ ದನ ಕಚ್ಚುತ್ತೆ. ಇದರಲ್ಲಿ ಮಗನಿಗೆ ಕಲಿಸೋಕೆ ಏನಿದೆ? ಕಾಯೋದೂ ಇಲ್ಲ, ಗುರಿಯೂ ಇಲ್ಲ. ಕಲಿಯೋದು ಒಂದೇ, ಗಾರ್ಡ್ ಬಂದ್ರೆ ಓಡೋದು.

ಚಿರತೆ ಅಂದಾಗ ನಮ್ಮ ಕಡೆಯವರಿಗೆ ಸಿಟ್ಟು ಬರೋದು ನನಗೆ ಗೊತ್ತು. 2019-20ರಲ್ಲಿ ಹೆಬ್ಬೂರು, ಗುಬ್ಬಿ, ಕುಣಿಗಲ್ ಕಡೆ ಚಿರತೆ ದಾಳಿಗೆ ಜನ ಸತ್ತರು, ಅವರಲ್ಲಿ ಇಬ್ಬರು ಪುಟ್ಟ ಮಕ್ಕಳು. ಹೊತ್ತು ಮುಳುಗಿದ ಮೇಲೆ ಮಕ್ಕಳನ್ನ ಅಂಗಳಕ್ಕೂ ಬಿಡದ ದಿನಗಳವು. ಆಗ "ನಮ್ಮ ಕೈಗೆ ಕೋವಿ ಕೊಡಿ" ಅಂದವರನ್ನ ನಾನು ಬೈಯಲ್ಲ. ಆದ್ರೆ ಮನುಷ್ಯರ ಜೀವಕ್ಕೆ ಅಪಾಯವಾದ ಪ್ರಾಣಿಯ ಬಗ್ಗೆ ಲಿಖಿತ ಆದೇಶ ಕೊಡೋ ಅಧಿಕಾರ ಕಾಯ್ದೆ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರದ್ದು. ಭಯದಲ್ಲಿ ನೂರು ಜನ ಕತ್ತಲಲ್ಲಿ ಕೋವಿ ಹಿಡಿದ್ರೆ ಮೊದಲು ಬೀಳೋದು ಮನುಷ್ಯರೇ.

ಮಗನಿಗೋ ಮಗಳಿಗೋ ಗುರಿಯ ಹುಚ್ಚಿದ್ರೆ ದಾರಿ ಇದೆ. ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಉಸಿರು ಹಿಡಿತಕ್ಕೆ ಬರದೆ ಅದು ಸಿಗಲ್ಲ. ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಕೈರೋ ವಿಶ್ವಕಪ್‌ನಲ್ಲಿ ಕಂಚು ಗೆದ್ದಾಗ ವಯಸ್ಸು 14. ಕೋವಿ ಲೈಸೆನ್ಸಿಗೆ 21 ತುಂಬಬೇಕು, ತರಬೇತಿಗೆ ಮಾತ್ರ ಅದಕ್ಕಿಂತ ಚಿಕ್ಕವರಿಗೂ ಷರತ್ತಿನ ಮೇಲೆ ಅವಕಾಶವಿದೆ. ಅಲ್ಲೂ ಮೊದಲ ದಿನ ಹೇಳಿಕೊಡೋದು ಹೊಡೆಯೋದನ್ನಲ್ಲ: ನಳಿಗೆ ಯಾರ ಕಡೆಗೂ ತಿರುಗಬಾರದು, ಬೆರಳು ಕುದುರೆ ಮೇಲೆ ಇರಬಾರದು.

ಗುರಿಗಿಂತ ಕಾಡು ಸುತ್ತೋ ಆಸೆ ಇದ್ರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಇದೆ. ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು, 2007ರಲ್ಲಿ ಘೋಷಣೆಯಾದ 798 ಎಕರೆ ಬಯಲು. ನಮ್ಮ ಜಿಲ್ಲೆಯದ್ದೇ. ವರ್ಷತೊಡಕಿನ ಬೆಳಗ್ಗೆ ಬೇಕಾದ್ರೆ ಅಲ್ಲಿಗೇ ಕರ್ಕೊಂಡು ಹೋಗಿ, ಊಟದ ಹೊತ್ತಿಗೆ ಮನೆಗೆ ವಾಪಸ್ ಬರಬಹುದು. ಮಾಸಲು ಬಣ್ಣದ ಬಟ್ಟೆ ಹಾಕಿಸಿ, ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ಮಗೂನೇ ಕೇಳಿ, ಮಾತಾಡದೆ ಕೂತ್ಕೊಳ್ಳಿ. ಬೇಗ ಹೋಗಿ, ಬಿಸಿಲೇರಿದ್ರೆ ಅವು ನೆರಳಿಗೆ ಸರಿದುಬಿಡ್ತವೆ.

#ಗೂಳೂರು #ತುಮಕೂರು #ವರ್ಷತೊಡಕು #ಊರಚರಿತ್ರೆ